ಬಣ್ಣದ ಕೆಳಗಿನ ಬಿರುಕು

ಕೊಳ್ಳುವವನ ಕಣ್ಣಿಗೆ ಬೀಳದ ದೋಷವನ್ನು ಮಾರುವವನು ತಾನಾಗಿ ಹೇಳಬೇಕೋ? ಈ ಪ್ರಶ್ನೆಯನ್ನು ಮರದ ಬಟ್ಟಲು ಕಡೆಯುವ ಕಸುಬಿನ ಮೂಲಕ ವಿಚಾರಿಸೋಣ.

ಹಸಿ ಮರವು ಒಣಗುವಾಗ ಕುಗ್ಗುತ್ತದೆ. ಆದರೆ ಎಲ್ಲಾ ಕಡೆಗೂ ಸಮವಾಗಿ ಕುಗ್ಗುವದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವದಕ್ಕಿಂತ ಬಳೆಗಳ ಸುತ್ತಲೂ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುವದು. ಆದಕಾರಣ ಹಸಿಯಾಗಿ ಕಡೆದ ದುಂಡು ಬಟ್ಟಲು ಒಣಗಿದ ಮೇಲೆ ಸೊಟ್ಟಗಾಗುವದು, ಇಲ್ಲವೆ ಬಿರಿಯುವದು. ಇದನ್ನು ಬಲ್ಲ ಕೆಲಸಗಾರನು ಮೊದಲು ದಪ್ಪವಾಗಿ ಕಡೆಯುತ್ತಾನೆ. 10 ಅಂಗುಲ ಅಗಲದ ಬಟ್ಟಲಿಗೆ ಸುಮಾರು 1 ಅಂಗುಲ ದಪ್ಪವನ್ನು ಉಳಿಸುತ್ತಾನೆ. ಅದನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ, ತಿರಿಗಿ ಯಂತ್ರಕ್ಕೇರಿಸಿ, ಹರಿತವಾದ ಉಳಿಯಿಂದ ತೆಳ್ಳಗೆ ಮಾಡುತ್ತಾನೆ. ಕಲಿಯುವವನಿಗೆ ಉಳಿ ಹಿಡಿಯುವದಕ್ಕಿಂತ ಕಾಯುವದೇ ಕಷ್ಟ.

ಕಡೆದಾದ ಮೇಲೆ ಬಣ್ಣದ ಕೆಲಸ. ಚನ್ನಪಟ್ಟಣದ ಕುಶಲಿಗಳು ಆಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವದು. ಬಳಿಕ ಕೇದಿಗೆ ಜಾತಿಯ ಎಲೆಯಿಂದ ತಿಕ್ಕಿದರೆ ಕನ್ನಡಿಯಂತೆ ಹೊಳೆಯುವದು. ಹೊಳಪು ಒಳ್ಳೇದೇ. ಆದರೆ ಕೂದಲೆಳೆಯಷ್ಟು ಬಿರುಕಿದ್ದರೆ ಅದೇ ಅರಗು ಅದನ್ನು ಮುಚ್ಚಬಲ್ಲದು. ವೇಗವಾಗಿ ತಿರುಗುವ ಮರದಲ್ಲಂತೂ ಬಿರುಕು ಕಾಣುವದೇ ಇಲ್ಲ. ಯಂತ್ರವನ್ನು ನಿಲ್ಲಿಸಿ ನೋಡಿದವನಿಗೇ ಕಾಣುವದು.

ನಮ್ಮ ಕೊಡಗಿನಲ್ಲಿ ಈ ಶೋಧನೆಯು ಮತ್ತೂ ದೊಡ್ಡದು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮರವು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಕಿರುಬಿರುಕುಗಳು ಕೂಡಿಕೊಳ್ಳುತ್ತವೆ. ಕಕ್ಕಡ ಮಾಸದಲ್ಲಿ ನಿರ್ದೋಷವಾಗಿ ತೋರಿದ ಬಟ್ಟಲು ಫೆಬ್ರವರಿಯ ಒಣಗಾಳಿಗೆ ಬಾಯಿಬಿಡುವದು. ಮಾರುವ ದಿನ ಆ ಗುಟ್ಟನ್ನು ಬಲ್ಲವನು ಕಡೆದವನೊಬ್ಬನೇ.

"ಮರಕ್ಕೆ ಹಣ ಕೊಟ್ಟಿದ್ದೇನೆ, ಮಳೆಗಾಲದಲ್ಲಿ ಬೇರೆ ಕೂಲಿಯಿಲ್ಲ, ಮಕ್ಕಳಿಗೆ ಗಂಜಿ ಬೇಕು. ಕೊಂಡವನು ನೋಡಿಯೇ ಕೊಂಡನಲ್ಲಾ" ಎಂದು ಒಬ್ಬನು ಹೇಳಿಯಾನು. ಈ ಮಾತನ್ನು ಹಗುರವಾಗಿ ತಳ್ಳಬಾರದು, ಹಸಿವು ಸುಳ್ಳಲ್ಲ. ಆದರೂ ಕೊಂಡವನಿಗೆ ಕಂಡದ್ದು ಬಣ್ಣ ಮಾತ್ರ. ಬಿರುಕು ಮರದಿಂದ ಬಂತು, ಮುಚ್ಚಿದ್ದು ಕೈ. ಕೊಂಡವಳು ಒಬ್ಬ ಬಡ ವಿಧವೆಯಾಗಿದ್ದರೇನು? ನಷ್ಟವು ಇಲ್ಲದೆ ಹೋಗಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿತಷ್ಟೇ.

ಹಾಗಾದರೆ ಬಿರಿದ ಮರವನ್ನೆಲ್ಲಾ ಒಲೆಗೆ ಹಾಕಬೇಕೋ? ಬೇಡ. ದಪ್ಪ ಕಡೆತದಲ್ಲಿಯೇ ಬಿರುಕು ಕಂಡರೆ, ಗಟ್ಟಿಯಾದ ಭಾಗವನ್ನು ಕೊಯ್ದು ಬುಗುರಿಯನ್ನೋ ಹಿಡಿಕೆಯನ್ನೋ ಮಾಡಬಹುದು. ಒಣಗಿದ ಬಟ್ಟಲಿನ ಅಂಚಿನಲ್ಲಿ ಅಲ್ಪ ಸೀಳಿದ್ದರೆ, "ಇಲ್ಲಿ ಸೀಳಿದೆ, ಕಾಳು ಇಡಬಹುದು, ನೀರು ನಿಲ್ಲದು" ಎಂದು ತೋರಿಸಿ ಕಡಿಮೆ ಬೆಲೆಗೆ ಕೊಡಬಹುದು. ಆಳವಾಗಿ ಬಿರಿದದ್ದನ್ನಾದರೋ ಯಂತ್ರಕ್ಕೇರಿಸಲೇ ಬಾರದು. ಅದು ಸಿಡಿದು ಕಡೆಯುವವನ ಮುಖಕ್ಕೇ ಬಡಿದೀತು.

ವಿಶೇಷವಾಗಿ ಕಲಿಸುವವರು ಇದನ್ನು ನೆನಪಿನಲ್ಲಿಡಬೇಕು. ಬಿರುಕನ್ನು ಮುಚ್ಚಲು ಕಲಿತ ಹುಡುಗನು ಕ್ರಮೇಣ ಅದನ್ನು ಹುಡುಕುವದನ್ನೇ ಬಿಡುವನು. ಆಗ ಅವನ ನಡತೆಯ ಸಂಗಡ ಕಸುಬೂ ಕೆಡುವದು. ಆದಕಾರಣ ಅರಗಿನ ಕಡ್ಡಿಯನ್ನು ಅವನ ಕೈಗೆ ಕೊಡುವದಕ್ಕೆ ಮುಂಚೆ, ಯಂತ್ರವನ್ನು ನಿಲ್ಲಿಸಿ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡುವದನ್ನು ಕಲಿಸಿರಿ.