ಪರರ ದೇವರ ಜಾತ್ರೆ

ಇಲ್ಲದ ಊರಿನ ಜಾತ್ರೆಗೆ ಯಾರಾದರೂ ಹೋಗುತ್ತಾರೆಯೇ? ಹೋಗುತ್ತಾರೆ. ನಾನೂ ಒಮ್ಮೆ ಹೋಗಿ ಬಂದಿದ್ದೇನೆ.

2019ರ ಜೂನ್ ತಿಂಗಳು. ಮಗಳ ಬಾಣಂತನಕ್ಕೆಂದು ಶಾಲೆಗೆ ರಜೆ ಹಾಕಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿದ್ದೆ. ಎಣ್ಣೆ ನೀರು, ಮೆಣಸಿನ ಸಾರು, ಮಗುವಿನ ಬಟ್ಟೆಗಳ ನಡುವೆ ಎರಡು ತಿಂಗಳು ಕಳೆದದ್ದೇ ತಿಳಿಯಲಿಲ್ಲ. ಪಕ್ಕದ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹೆಂಗಸೊಬ್ಬರಿದ್ದರು. ಅವರ ಜೊತೆ ಹೋಗಬೇಕಿದ್ದ ಗೆಳತಿಗೆ ಜ್ವರ ಬಂದು ಒಂದು ಟಿಕೆಟು ಉಳಿಯಿತು. "ಹೋಗಿ ಬಾ ಅಮ್ಮ, ಒಂದು ದಿನ ನಾನು ಸುಧಾರಿಸಿಕೊಳ್ಳುತ್ತೇನೆ" ಎಂದಳು ಮಗಳು. ಹೀಗೆ, ಕುಡಿತದ ವಾಸನೆಯನ್ನೇ ಸಹಿಸದ ನಾನು ಫೋರ್ಟ್ ಲಾಡರ್‌ಡೇಲಿನ 'ಹುಕಿಲಾವ್' ಎಂಬ ಟಿಕಿ ಪ್ರಿಯರ ಕೂಟಕ್ಕೆ ಹೊರಟೆ. ಪಕ್ಕದ ಮನೆಯಾಕೆ ಮುಡಿಗೆ ದಾಸವಾಳ ಸಿಕ್ಕಿಸಿಕೊಂಡಿದ್ದರು. ನಾನು ಇಳಕಲ್ ಸೀರೆಯಲ್ಲಿದ್ದೆ. ದಾರಿಯುದ್ದಕ್ಕೂ ಜನ ನನ್ನದೂ ಒಂದು ವೇಷವೆಂದೇ ತಿಳಿದು ಮೆಚ್ಚಿಕೊಂಡರು.

ಟಿಕಿ ಎಂದರೇನೆಂದು ಹೇಳಬೇಕು. ಮಾವೋರಿ ಜನರ ಕಥೆಗಳಲ್ಲಿ ಟಿಕಿ ಮೊದಲ ಮನುಷ್ಯ. ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಲ್ಲಿ ಪೂರ್ವಜರನ್ನೂ ದೇವರನ್ನೂ ಮರದಲ್ಲಿ, ಕಲ್ಲಿನಲ್ಲಿ ಕೆತ್ತಿದ ಮೂರ್ತಿಗಳಿಗೂ ಆ ಹೆಸರು ಬಂದಿದೆ. ಅಮೆರಿಕದ ಟಿಕಿ ಬೇರೆಯದೇ. ಮದ್ಯನಿಷೇಧ 1933ರಲ್ಲಿ ರದ್ದಾದ ಹೊತ್ತಿಗೆ ಅರ್ನೆಸ್ಟ್ ಗ್ಯಾಂಟ್ ಎಂಬಾತ ಹಾಲಿವುಡ್ಡಿನಲ್ಲಿ ಬಿದಿರು, ಬಲೆ, ತೆಂಗಿನ ಚಿಪ್ಪುಗಳಿಂದ ಅಲಂಕರಿಸಿದ ಪಾನಗೃಹವೊಂದನ್ನು ತೆರೆದ. ಅಲ್ಲಿ ರಮ್ಮಿಗೆ ಹಣ್ಣಿನ ರಸ, ಮಸಾಲೆಗಳನ್ನು ಬೆರೆಸಿ ಕೊಡುತ್ತಿದ್ದ. ಯುದ್ಧ ಮುಗಿಸಿ ಪೆಸಿಫಿಕ್‌ನಿಂದ ಮರಳಿದ ಸೈನಿಕರು ಬಂದರು. 1947ರಲ್ಲಿ ಹೆಯರ್‌ಡಾಲನ ಕಾನ್-ಟಿಕಿ ತೆಪ್ಪದ ಯಾನದ ಸುದ್ದಿ ಬಂತು. 1959ರಲ್ಲಿ ಹವಾಯಿ ರಾಜ್ಯವಾಯಿತು. ಊರೂರಿನಲ್ಲಿ ಇಂಥ ಹೋಟೆಲುಗಳು ಎದ್ದವು. ಒಂದೇ ದ್ವೀಪದಲ್ಲಿ ಎಂದೂ ಒಟ್ಟಿಗೆ ಇರದ ದೇವರುಗಳೆಲ್ಲ ಒಂದೇ ಛಾವಣಿಯಡಿ ನಿಂತರು. ಈಸ್ಟರ್ ದ್ವೀಪದ ಕಲ್ಲಿನ ಮುಖಗಳು ಪಿಂಗಾಣಿ ಲೋಟಗಳಾದವು.

ಆ ಲೋಟಗಳ ಸಾಲನ್ನು ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು. ಈ ಜನ ಬಿದಿರ ಗುಡಿಸಲಿನಲ್ಲಿ ಕುಳಿತು ಸುಂದರ ದ್ವೀಪಗಳ ಕನಸು ಕಾಣುತ್ತಿದ್ದ ಅದೇ ಕಾಲದಲ್ಲಿ, 1946ರಿಂದ 1958ರವರೆಗೆ, ಅದೇ ದೇಶ ಮಾರ್ಷಲ್ ದ್ವೀಪಗಳಲ್ಲಿ ಅಣುಬಾಂಬುಗಳನ್ನು ಸಿಡಿಸುತ್ತಿತ್ತು. ಬಿಕಿನಿಯ ಜನರನ್ನು ಅವರ ನೆಲದಿಂದ ಎಬ್ಬಿಸಿ ಕಳುಹಿಸಲಾಗಿತ್ತು. ನಿಜವಾದ ದ್ವೀಪಕ್ಕೆ ಬಾಂಬು, ಸುಳ್ಳು ದ್ವೀಪಕ್ಕೆ ಜಾತ್ರೆ! ಇಂಥದ್ದಕ್ಕೆ ದುಡ್ಡು ಖರ್ಚು ಮಾಡಿ ದೂರದಿಂದ ಬರುವುದೇ?

ಆದರೆ ಬಂದಿದ್ದರು. ನಮ್ಮ ಮೇಜಿನಲ್ಲಿದ್ದ ಮುದುಕರೊಬ್ಬರು ಒಹಾಯೋದ ಕೊಲಂಬಸ್‌ನಿಂದ ಸಾವಿರಕ್ಕೂ ಹೆಚ್ಚು ಮೈಲಿ ತಾವೇ ಕಾರು ಓಡಿಸಿಕೊಂಡು ಬಂದವರು. ಅವರ ಊರಿನಲ್ಲಿ 1961ರಲ್ಲಿ ಕಟ್ಟಿದ 'ಕಹಿಕಿ' ಎಂಬ ದೊಡ್ಡ ಟಿಕಿ ಹೋಟೆಲೊಂದಿತ್ತಂತೆ. 1997ರಲ್ಲಿ ಅದು ಐತಿಹಾಸಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. ಆದರೂ 2000ದಲ್ಲಿ ಕೆಡವಿದರು. ಆ ಜಾಗಕ್ಕೆ ಔಷಧದ ಅಂಗಡಿ ಬಂತು. ಮುದುಕರು ಕಿಸೆಯಿಂದ ಆ ಹೋಟೆಲಿನ ಹಳೆಯ ತಿಂಡಿಪಟ್ಟಿಯನ್ನು ತೆಗೆದು ತೋರಿಸಿದರು. ಮದುವೆಯ ಮೊದಲ ಮಾತುಕತೆ ಅಲ್ಲಿಯೇ ಆದದ್ದಂತೆ. ಸುಳ್ಳು ಊರಿನಲ್ಲಿಯೂ ನಿಜವಾದ ಮದುವೆಗಳು ನಿಶ್ಚಯವಾಗುತ್ತವಲ್ಲ!

ಫೋರ್ಟ್ ಲಾಡರ್‌ಡೇಲಿಗೆ ಅವರೆಲ್ಲ ಬರುವುದು ಅಲ್ಲಿ 'ಮೈ-ಕೈ' ಇದೆಯೆಂದು. ಹೆಸರು ಕೇಳಿ ನನಗೆ ನಗು ಬಂತೆಂದು ಬೇರೆ ಹೇಳಬೇಕಾಗಿಲ್ಲ. 1956ರ ಕೊನೆಯಲ್ಲಿ ಷಿಕಾಗೋದ ಥಾರ್ನ್‌ಟನ್ ಎಂಬ ಅಣ್ಣತಮ್ಮಂದಿರು ತೆರೆದ ಹೋಟೆಲು ಅದು. ಒಳಗೆ ತೋಟ, ಜಲಪಾತ, ರಾತ್ರಿ ನೃತ್ಯ. ಬೆಂಕಿಯ ಕತ್ತಿ ತಿರುಗಿಸುವ ಹುಡುಗನನ್ನು ನೋಡುವಾಗ ನಾನೂ ಎರಡು ನಿಮಿಷ ಉಸಿರು ಬಿಗಿಹಿಡಿದೆ. ಆ ನೃತ್ಯಗಳನ್ನು ಬಹುಕಾಲ ಕಟ್ಟಿ ನಿಲ್ಲಿಸಿದವರು ತಾಹಿತಿ ಮೂಲದ ಮಿರೆಯ್ ಥಾರ್ನ್‌ಟನ್. ನರ್ತಕಿಯಾಗಿ ಬಂದು ಮಾಲೀಕರ ಹೆಂಡತಿಯಾದವರು. ಅಂದಮೇಲೆ ಎಲ್ಲವೂ ಸುಳ್ಳೆಂದು ತಳ್ಳಿಹಾಕುವುದು ಹೇಗೆ?

ಹಗಲಿನ ಉಪನ್ಯಾಸಗಳು ನನಗೆ ಹೆಚ್ಚು ಹಿಡಿಸಿದವು. ಮೇಷ್ಟ್ರ ಜಾತಿ ನೋಡಿ. ಗ್ಯಾಂಟ್ ತನ್ನ ಪಾಕವನ್ನು ಯಾರೂ ಕದಿಯಬಾರದೆಂದು ಸೀಸೆಗಳ ಮೇಲೆ ಗುಟ್ಟಿನ ಹೆಸರುಗಳನ್ನು ಬರೆಸುತ್ತಿದ್ದ. ಬೆರೆಸುವವನಿಗೂ ತಾನು ಏನು ಬೆರೆಸುತ್ತಿದ್ದೇನೆಂದು ತಿಳಿಯುತ್ತಿರಲಿಲ್ಲ. ಜೆಫ್ ಬೆರಿ ಎಂಬವರು ವರ್ಷಗಟ್ಟಲೆ ಬೆನ್ನುಹತ್ತಿ, ಹಳೆಯ ನೌಕರನೊಬ್ಬನ 1937ರ ಕಿರುಹೊತ್ತಗೆಯ ಸಹಾಯದಿಂದ ಗಂಟು ಬಿಡಿಸಿದರು. ಒಂದು ಸೀಸೆಯಲ್ಲಿ ಇದ್ದದ್ದು ಚಕ್ಕೋತದಂಥ ಗ್ರೇಪ್‌ಫ್ರೂಟಿನ ರಸ ಮತ್ತು ದಾಲ್ಚಿನ್ನಿ ಪಾಕ, ಅಷ್ಟೇ. ಆ ಸೀಸೆಗಳ ಹಿಂದೆ ನಿಂತು ದುಡಿದವರಲ್ಲಿ ಬಹಳಷ್ಟು ಮಂದಿ ಫಿಲಿಪೀನ್ಸಿನವರು. ಮೈ-ಕೈಯ ಪಾನೀಯಗಳನ್ನು ರೂಪಿಸಿದ ಮಾರಿಯಾನೊ ಲಿಕುಡೀನ್ ಕೂಡ ಅಲ್ಲಿಯವರೇ. ಆ ಹೆಸರುಗಳನ್ನು ಹುಡುಕಿ ತೆಗೆದವರು ವಿಶ್ವವಿದ್ಯಾಲಯದವರಲ್ಲ, ಹೂವಿನ ಅಂಗಿ ತೊಟ್ಟ ಇಂಥ ಹುಚ್ಚರೇ.

ಹುಕಿಲಾವ್ ಎಂಬ ಮಾತಿನ ಅರ್ಥವೂ ಅಲ್ಲಿಯೇ ತಿಳಿಯಿತು. ಹವಾಯಿಯಲ್ಲಿ ಅದು ಮೀನುಗಾರಿಕೆಯ ರೀತಿ. ಎಲೆಗಳನ್ನು ಕಟ್ಟಿದ ಉದ್ದ ಹಗ್ಗವನ್ನು ಊರಿನವರೆಲ್ಲ ಸೇರಿ ದಡಕ್ಕೆ ಎಳೆದು ಮೀನನ್ನು ಹಂಚಿಕೊಳ್ಳುವುದು. ಅಯ್ಯೋ, ಇದು ನಮ್ಮ ರಂಪಣಿಯಲ್ಲವೇ! ಪರ್ಸೀನ್ ದೋಣಿಗಳು ಬರುವ ಮೊದಲು ನಮ್ಮ ಕಡಲ ದಂಡೆಯಲ್ಲಿ ಹಾಗೆಯೇ ಎಳೆಯುತ್ತಿದ್ದರು. ನಾವು ಮಕ್ಕಳು ಹಗ್ಗದ ತುದಿ ಮುಟ್ಟಿದ್ದಕ್ಕೂ ಒಂದು ಮುಷ್ಟಿ ಬೂತಾಯಿ ಸಿಗುತ್ತಿತ್ತು.

ಆ ಉಪನ್ಯಾಸದ ಕೊನೆಯಲ್ಲಿ ಹಿಂದಿನ ಸಾಲಿನಿಂದ ಯುವತಿಯೊಬ್ಬಳು ಎದ್ದು ನಿಂತಳು. ತಾಯಿ ಸಮೋವಾದವರಂತೆ. "ನನ್ನ ಅಜ್ಜಿ ತಲೆಬಾಗಿದ ಮುಖಗಳಲ್ಲಿ ನೀವು ಕುಡಿಯುತ್ತೀರಿ. ಅವಳ ಮೊಮ್ಮಕ್ಕಳನ್ನು ಯಾವತ್ತಾದರೂ ಕೇಳಿದ್ದೀರಾ?" ಎಂದಳು. ದನಿ ಏರಿಸಲಿಲ್ಲ. ಸಭೆ ತೆಪ್ಪಗಾಯಿತು. ಯಾರೂ ಅವಳನ್ನು ಕೂರಿಸಲಿಲ್ಲ. ಭಾಷಣಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮಲ್ಲಿ ಉತ್ತರವಿಲ್ಲವೆಂದು ಒಪ್ಪಿಕೊಂಡರು. ಊಟದ ಹೊತ್ತಿಗೆ ಒಹಾಯೋದ ಮುದುಕರು ಅವಳ ಮೇಜಿಗೆ ಹೋಗಿ ಕುಳಿತದ್ದನ್ನು ಕಂಡೆ. ಏನು ಮಾತಾಡಿದರೋ ಕೇಳಿಸಲಿಲ್ಲ. ಅವಳಿಗೆ ಸಮಾಧಾನವಾದಂತೆಯೂ ಕಾಣಲಿಲ್ಲ. ಆದರೆ ಇಬ್ಬರೂ ಬಹಳ ಹೊತ್ತು ಏಳಲಿಲ್ಲ.

ನನ್ನ ಸಿಟ್ಟು ಆಗ ನನ್ನ ಕಡೆಗೇ ತಿರುಗಿತು. ಅದಕ್ಕೆ ಮೂರು ವರ್ಷ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೇ ಒಂದು ನೃತ್ಯ ಕಲಿಸಿದ್ದೆ. ಅದರಲ್ಲಿ ಒಬ್ಬ ಹುಡುಗನಿಗೆ ಭೂತದ ವೇಷ, ಥರ್ಮೋಕೋಲಿನ ಅಣಿ. ಚಪ್ಪಾಳೆ ಚೆನ್ನಾಗಿಯೇ ಬಿತ್ತು, ಬಹುಮಾನವೂ ಬಂತು. ನಿಜವಾಗಿ ಕೋಲ ಕಟ್ಟುವ ಮನೆತನದ ತಂದೆಯೊಬ್ಬರು ಕಡೆಯ ಸಾಲಿನಲ್ಲಿದ್ದರು. ಅವರ ಮಗ ನನ್ನ ತರಗತಿಯವನೇ. ಅವನನ್ನು ನಾನು ಹಿನ್ನೆಲೆಯ ಹಾಡಿಗೆ ಹಾಕಿದ್ದೆ. ಬಹುಮಾನ ಕೊಡುವ ಮೊದಲೇ ಅವರು ಮಗನ ಕೈಹಿಡಿದು ಎದ್ದು ಹೋದರು. ಬಸ್ಸಿಗೆ ಹೊತ್ತಾಯಿತೇನೋ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ನಮ್ಮ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲು ಅವರಿಗೆ ಜಾಗವಾದರೂ ಎಲ್ಲಿತ್ತು?

ದೂರ ಪ್ರಯಾಣ ಮಾಡಿ ಹೋಗಬೇಕಾದ ಕೂಟ ಯಾವುದೆಂದು ನನ್ನನ್ನು ಕೇಳಿದರೆ ಆ ಯುವತಿ ಎದ್ದು ನಿಂತ ಐದು ನಿಮಿಷವನ್ನು ನೆನೆಯುತ್ತೇನೆ. ಲೋಟವನ್ನು ಅಂಚೆಯಲ್ಲಿ ತರಿಸಬಹುದು, ಪಾಕವನ್ನು ಪುಸ್ತಕ ನೋಡಿ ಮಾಡಬಹುದು. ಎದುರಿಗೆ ಕುಳಿತವಳ ಮುಖ ನೋಡುತ್ತಾ ಉತ್ತರವಿಲ್ಲದೆ ಇರುವುದು ಅಲ್ಲಿಗೆ ಹೋದವರಿಗೆ ಮಾತ್ರ ಸಾಧ್ಯ. ಹಾಗೆಂದು ಆ ಲೋಟಗಳು ಸರಿ ಎಂದು ನಾನು ಇವತ್ತಿಗೂ ಹೇಳಲಾರೆ. ಪಕ್ಕದ ಮನೆಯಾಕೆ ಒಂದನ್ನು ಪ್ರೀತಿಯಿಂದ ಕೊಟ್ಟರು. ಕುಡಿಯಲು ಮನಸ್ಸು ಬರಲಿಲ್ಲ, ಎಸೆಯಲೂ ಬರಲಿಲ್ಲ. ಕಪಾಟಿನಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಇಟ್ಟಿದ್ದೇನೆ.

ಊರಿಗೆ ಮರಳಿದ ಮೇಲೆ ಆ ತಂದೆಯ ಮನೆಗೆ ಹೋದೆ. ಹುಡುಗ ಅಷ್ಟರಲ್ಲಿ ನಮ್ಮ ಶಾಲೆ ಮುಗಿಸಿ ಬೇರೆ ಕಡೆ ಸೇರಿದ್ದ. ಅವರು ಚಾಪೆ ಹಾಕಿ, ಬೆಲ್ಲ ನೀರು ಕೊಟ್ಟರು. ಹೇಗೋ ವಿಷಯ ಎತ್ತಿದೆ. "ಅಣಿ ಕಟ್ಟಿದ್ದು ತಪ್ಪಾಗಿತ್ತು ಟೀಚರ್, ಕೇಳಿದ್ದರೆ ಹೇಳುತ್ತಿದ್ದೆ" ಎಂದರು, ಅಷ್ಟೇ.

2020ರ ಅಕ್ಟೋಬರಿನಲ್ಲಿ ಮಳೆಗೆ ಮಾಡು ಹಾಳಾಗಿ ಮುಚ್ಚಿದ್ದ ಮೈ-ಕೈ 2024ರ ನವೆಂಬರಿನಲ್ಲಿ ಮತ್ತೆ ತೆರೆಯಿತು. ಪಕ್ಕದ ಮನೆಯಾಕೆ ಫೋನಿನಲ್ಲಿ ಕುಣಿದಾಡಿದರಂತೆ. "ನೀನು ಯಾವಾಗ ಬರುತ್ತೀ ಅಂತ ಕೇಳ್ತಿದ್ದಾರೆ ಅಮ್ಮ" ಎಂದಳು ಮಗಳು. ವಿಮಾನದ ಟಿಕೆಟು ಈಗ ಎಷ್ಟಾಗಿದೆಯೆಂದು ಕೇಳಿದೆ.