ಸಂಘದ ಸಾಲು

 

ಐಐಎಂ ಇಂದೋರ್ 2011ರಲ್ಲಿ ಶುರುಮಾಡಿದ, ಪಿಯುಸಿ ನಂತರದ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸಿಗೆ ದೊಡ್ಡಬಳ್ಳಾಪುರದ ನನ್ನ ಹಳೆಯ ವಿದ್ಯಾರ್ಥಿನಿ ತಯಾರಾಗುತ್ತಿದ್ದಾಳೆ. ಸಂದರ್ಶನಕ್ಕೆಂದು ಬರೆದು ತಂದಿದ್ದಳು: 'ಮಹಿಳಾ ಸಂಘ ಕಟ್ಟಿದ್ದೇನೆ.' ಕಟ್ಟಿಲ್ಲ. ನಾಲ್ಕನೆಯ ಶೀಲ ನೆನಪಿಸಿದೆ.

"ಎಲ್ರೂ ಹೀಗೇ ಬರೀತಾರೆ ಸರ್. ನಮ್ಮತ್ರ ಹೇಳ್ಕೊಳ್ಳೋಕೆ ಏನಿದೆ?"

ಸುಳ್ಳಾಡಬೇಡ ಎನ್ನುವುದು ಸುಲಭ. ತನ್ನ ನಿಜಕ್ಕೆ ಬೆಲೆಯಿಲ್ಲವೆಂದು ಈ ಮಗು ಎಲ್ಲಿ ಕಲಿತಳು? ಪ್ರಬಂಧಕ್ಕೆ ಬಣ್ಣ ಹಚ್ಚಲು ಹೇಳಿಕೊಟ್ಟವನು ನಾನೇ.

ಮನೇಲಿ ಏನ್ಮಾಡ್ತೀಯಮ್ಮ ಎಂದೆ. ಅಪ್ಪನ ಮಗ್ಗದ ಕೂಲಿ, ಮುಂಗಡ, ಸಾಲದ ಲೆಕ್ಕವೆಲ್ಲ ಎಂಟನೇ ತರಗತಿಯಿಂದ ಅವಳದೇ! ಬಾಬಾಸಾಹೇಬರು 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜಿಗೆ ಅರ್ಥಶಾಸ್ತ್ರ ಕಲಿಸಲು ಸೇರಿದವರು. ಆ ನೋಟ್‌ಬುಕ್ಕನ್ನು ಅವರು ಪುಟ ಬಿಡದೆ ಓದುತ್ತಿದ್ದರು ಎಂದೆ.

ಸಂಘದ ಸಾಲು ಹೊಡೆದುಹಾಕಿದಳು. ಸೀಟಿನ ಮಾತು ಇನ್ನೂ ದೂರ.