ಪ್ರಮಾದವೂ ಪರಿಗ್ರಹ ಪರಿಮಾಣವೂ

ಕರ್ಮಬಂಧಕ್ಕೆ ಕಾರಣಗಳನ್ನು ನಿರೂಪಿಸುವಾಗ ತತ್ತ್ವಾರ್ಥಸೂತ್ರವು ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ, ಯೋಗ ಎಂಬ ಐದನ್ನು ಹೇಳುತ್ತದೆ. ಇವುಗಳಲ್ಲಿ ಪ್ರಮಾದವೆಂದರೆ ಕೇವಲ ನಿದ್ರೆಯೆಂದೋ ಮೈಗಳ್ಳತನವೆಂದೋ ತಿಳಿಯುವವರೇ ಹೆಚ್ಚು. ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಮತ್ತು ಪ್ರಣಯ ಎಂದು ಪ್ರಮಾದವು ಹದಿನೈದು ಬಗೆಯದು. ನಿದ್ರೆಯು ಅವುಗಳಲ್ಲಿ ಒಂದು ಮಾತ್ರ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಹಿತಕರವಾದ ಕಾರ್ಯಗಳಲ್ಲಿ ಆದರವಿಲ್ಲದಿರುವುದೇ ಪ್ರಮಾದವೆಂದು ಅರ್ಥವಿಸಿದ್ದಾರೆ. ಮಾಡತಕ್ಕದ್ದನ್ನು ಬಲ್ಲವನಾಗಿಯೂ ‘ನಾಳೆ ನೋಡೋಣ’ ಎಂದು ಸರಿಸಿಡುವವನಲ್ಲಿ ಇರುವುದು ಈ ಅನಾದರವೇ. ಹಾಗಾದರೆ ಹಣಕಾಸಿನ ವಿಷಯದಲ್ಲಿ ಗೃಹಸ್ಥನು ತೋರುವ ಕಾಲವಿಳಂಬವು ಬರಿಯ ಲೌಕಿಕ ದೋಷವೋ, ಅಥವಾ ವ್ರತಕ್ಕೆ ತಗಲುವ ಕಳಂಕವೋ ಎಂಬುದು ವಿಚಾರಾರ್ಹವಾಗಿದೆ.

ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ದಿನವೂ ಸಾವಿರಾರು ಜನ ಕೆಲಸಕ್ಕೆ ಹೋಗಿಬರುತ್ತಾರೆ. ಇವರನ್ನು ಸೋಮಾರಿಗಳೆಂದು ಯಾರೂ ಹೇಳಲಾರರು. ಬೆಳಗಿನ ಜಾವಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ರಾತ್ರಿ ದೀಪ ಹಚ್ಚಿದ ಮೇಲೆ ಮನೆ ಸೇರುವ ಬಾಳು ಇವರದು. ಆದರೂ ರೈಲನ್ನು ಒಂದು ದಿನವೂ ತಪ್ಪಿಸದ ಅದೇ ಗೃಹಸ್ಥನು ಗಿರವಿ ಚೀಟಿಯನ್ನು ವರುಷವಾದರೂ ಬಿಡಿಸಿ ನೋಡದೆ ಇರಬಹುದು. ರೈಲಿಗೆ ಗೊತ್ತಾದ ವೇಳೆಯುಂಟು, ಲೆಕ್ಕಕ್ಕೆ ಇಲ್ಲ. ವೇಳೆ ಗೊತ್ತುಪಡಿಸದ ಕರ್ತವ್ಯಕ್ಕೆ ‘ನಾಳೆ’ ಎಂಬುದೇ ಮುಹೂರ್ತವಾಗುತ್ತದೆ.

ಒಂದು ದೃಷ್ಟಾಂತವನ್ನು ನೋಡೋಣ. ಗೃಹಸ್ಥನೊಬ್ಬನು ಮಗಳ ಓದಿಗಾಗಿ ಹೆಂಡತಿಯ ಸರವನ್ನು ಗಿರವಿ ಇಟ್ಟು, ತಿಂಗಳಿಗೆ ನೂರಕ್ಕೆ 2ರಂತೆ 50,000 ರೂಪಾಯಿ ತಂದನೆಂದು ಇಟ್ಟುಕೊಳ್ಳೋಣ. ಅಗತ್ಯಕ್ಕೆ ತಂದುದರಲ್ಲಿ ದೋಷವಿಲ್ಲ. ನಾಲ್ಕನೆಯ ತಿಂಗಳಲ್ಲಿ ಅರ್ಧ ತೀರಿಸುವಷ್ಟು ಹಣ ಕೈಗೆ ಬಂತು. ದೀಪಾವಳಿ ಕಳೆಯಲಿ ಎಂದನು. ದೀಪಾವಳಿ ಕಳೆಯಿತು, ಯುಗಾದಿ ಬರಲಿ ಎಂದನು. ತಿಂಗಳಿಗೆ 1,000 ರೂಪಾಯಿಯಂತೆ ಹದಿನೆಂಟು ತಿಂಗಳಿಗೆ ಬಡ್ಡಿಯೇ 18,000 ಆಯಿತು. ಹರಾಜಿನ ನೋಟೀಸು ಬಂದಾಗ ಅದನ್ನು ಒಡೆಯದೆ ಪೆಟ್ಟಿಗೆಯಲ್ಲಿ ಇಟ್ಟನು. ಸರವೆಲ್ಲಿ ಎಂದು ಹೆಂಡತಿ ಕೇಳಿದಾಗ ‘ಬಿಡಿಸಿಕೊಂಡು ಬರುತ್ತೇನೆ, ಬಡ್ಡಿ ಕಟ್ಟಿದೆ’ ಎಂದನು. ಇಲ್ಲಿಗೆ ಪ್ರಮಾದವು ಅಸತ್ಯಕ್ಕೆ ಬಾಗಿಲು ತೆರೆಯಿತು. ಆಕೆಯ ಒಡವೆಯನ್ನು ಆಕೆಗೆ ತಿಳಿಯದಂತೆ ಕಳೆದರೆ ಅಚೌರ್ಯಕ್ಕೂ ಪೆಟ್ಟು ಬೀಳುತ್ತದೆ. ಸೂತ್ರಕಾರರು ಹಿಂಸೆಯ ಲಕ್ಷಣದಲ್ಲಿ ಹೇಳಿದ ‘ಪ್ರಮತ್ತಯೋಗ’ವು ಮುಂದೆ ಅಸತ್ಯ, ಸ್ತೇಯಗಳಿಗೂ ಅನ್ವಯಿಸುವುದೆಂದು ವ್ಯಾಖ್ಯಾನಕಾರರು ವಿವರಿಸಿರುವುದು ಇಂಥ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ.

ಹಾಗೆಂದು ದಾರಿದ್ರ್ಯವೆಲ್ಲ ಪ್ರಮಾದದ ಫಲವೆಂದು ಹೇಳುವುದು ಅನ್ಯಾಯ. ಕೋಲಾರದ ಚಿನ್ನದ ಗಣಿಯೇ ಇದಕ್ಕೆ ಸಾಕ್ಷಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಬೆಳೆಯತೊಡಗಿದ ಈ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದವು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿಯಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ, ತೆಗೆಯುವ ವೆಚ್ಚ ಏರಿ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಕೆಲಸ ಕಳೆದುಕೊಂಡವರ ಕಷ್ಟಕ್ಕೆ ಅವರ ಆಲಸ್ಯ ಕಾರಣವಲ್ಲ. ಲಾಭಾಂತರಾಯದ ಉದಯವನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಉಳಿದುದೆಷ್ಟು, ಕೊಡಬೇಕಾದುದೆಷ್ಟು ಎಂದು ಕುಳಿತು ಎಣಿಸುವುದು ಪುರುಷಾರ್ಥಕ್ಕೆ ಸೇರಿದ್ದು. ಕರ್ಮೋದಯವನ್ನು ಎಣಿಸದಿರುವುದಕ್ಕೆ ನೆಪಮಾಡಬಾರದು. ಭೂಮಿಯೊಳಗಿನ ಚಿನ್ನಕ್ಕೇ ಒಂದು ಪರಿಮಾಣವಿರುವಾಗ ಮನೆಯ ಚಿನ್ನಕ್ಕೆ ಇಲ್ಲವೆಂದು ಬಾಳುವುದು ಹೇಗೆ?

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಪರಿಗ್ರಹವನ್ನು ತಗ್ಗಿಸೆಂದು ಬೋಧಿಸುವ ಧರ್ಮವು ಹಣಕಾಸನ್ನು ಉತ್ತಮಪಡಿಸಿಕೊಳ್ಳಲು ಹೇಳುವುದೆಂತು? ಲೆಕ್ಕದ ಪುಸ್ತಕವನ್ನು ಮರೆತವನೇ ನಿರ್ಮೋಹಿಯಲ್ಲವೆ?

ಸಮಾಧಾನವು ವ್ರತದ ಹೆಸರಿನಲ್ಲಿಯೇ ಇದೆ. ಅಣುವ್ರತಿಗೆ ವಿಧಿಸಿರುವುದು ಪರಿಗ್ರಹ ಪರಿಮಾಣ. ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮೊದಲಾದವುಗಳಿಗೆ ಎಲ್ಲೆ ಕಟ್ಟಿ, ಆ ಎಲ್ಲೆಯನ್ನು ಮೀರುವುದನ್ನು ಅತಿಚಾರವೆಂದು ಹೇಳಲಾಗಿದೆ. ಎಣಿಸದೆ ಎಲ್ಲೆ ಕಟ್ಟಲು ಬಾರದು. ಎಲ್ಲೆಯಿಲ್ಲದವನು ಅದನ್ನು ಮೀರಿದನೋ ಇಲ್ಲವೋ ಎಂದು ತಿಳಿಯಲೂ ಬಾರದು. ಲೆಕ್ಕವನ್ನು ಮುಂದೂಡುವವನು ತನ್ನಲ್ಲಿ ಇರುವುದು ಸ್ವಲ್ಪವೆಂಬ ಕಾರಣಕ್ಕೆ ತನ್ನನ್ನು ವ್ರತಿಯೆಂದು ಭಾವಿಸಿದರೂ ವಾಸ್ತವದಲ್ಲಿ ಅವನಿಗೆ ವ್ರತವೇ ಇಲ್ಲ. ಮರೆವು ವೈರಾಗ್ಯವಲ್ಲ. ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ಧನದ ವಿಷಯದಲ್ಲಿ ಕೆಡುವ ಮೂವರನ್ನು ಹೆಸರಿಸಿದ್ದಾರೆ. ಬಂದುದನ್ನು ವಿಚಾರಿಸದೆ ಆಗಲೇ ವ್ಯಯಮಾಡುವವನು ತಾದಾತ್ವಿಕ. ಹಿರಿಯರ ಗಳಿಕೆಯನ್ನು ತಿಂದು ಮುಗಿಸುವವನು ಮೂಲಹರ. ತನ್ನನ್ನೂ ತನ್ನವರನ್ನೂ ಪೀಡಿಸಿ ಕೂಡಿಡುವವನು ಕದರ್ಯ. ಲೋಭಿಯಾದ ಕದರ್ಯನೂ ಲೆಕ್ಕವಿಲ್ಲದ ತಾದಾತ್ವಿಕನೂ ಒಂದೇ ಸಾಲಿನಲ್ಲಿ ನಿಂತಿರುವುದು ಗಮನಾರ್ಹ.

ಪ್ರಮಾದಕ್ಕೆ ಪರಿಹಾರವೇನು? ಬರಿಯ ಸಂಕಲ್ಪವು ಸಾಲದು. ಮುಂದೂಡುವವನ ಬಳಿ ಸಂಕಲ್ಪಗಳಿಗೆ ಎಂದೂ ಕೊರತೆಯಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಯಮ, ನಿಯಮಗಳೆಂದು ವಿಂಗಡಿಸಿದ್ದಾರೆ. ಬಾಳಿನುದ್ದದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಎಂದು ಅವಧಿ ಗೊತ್ತುಮಾಡಿ ಚಿಕ್ಕದನ್ನು ಹಿಡಿಯುವ ಈ ಮಾರ್ಗವು ದುರ್ಬಲ ಮನಸ್ಸಿಗೆ ದೊಡ್ಡ ಊರುಗೋಲು. ಚತುರ್ದಶಿಯ ಉಪವಾಸವನ್ನು ಹುಣ್ಣಿಮೆಗೆ ಸರಿಸುವವರಿಲ್ಲ. ತಿಥಿಯೇ ಶ್ರಾವಕನನ್ನು ಎಚ್ಚರಿಸುತ್ತದೆ. ಆ ಎಚ್ಚರವನ್ನೇ ಲೆಕ್ಕಕ್ಕೂ ತರಬೇಕು.

ಪ್ರೋಷಧದ ದಿನ ಆರಂಭ ವ್ಯವಹಾರಗಳು ತ್ಯಾಜ್ಯ. ಆದ್ದರಿಂದ ಲೆಕ್ಕಕ್ಕೆ ತ್ರಯೋದಶಿಯ ಸಂಜೆ ಯುಕ್ತವಾದುದು. ಅಂದು ಪತಿಪತ್ನಿಯರಿಬ್ಬರೂ ಕುಳಿತು ಆ ಪಕ್ಷದ ಆದಾಯ, ವೆಚ್ಚ, ಸಾಲ, ಬಡ್ಡಿಗಳನ್ನು ಒಂದು ಪುಟದಲ್ಲಿ ಬರೆಯಲಿ. ಬಂದಿರುವ ನೋಟೀಸುಗಳನ್ನು ಒಡೆದು ಓದಲಿ. ಹೆಚ್ಚು ಬಡ್ಡಿಯ ಸಾಲಕ್ಕೆ ಮೊದಲು ಹಣ ತೆಗೆದಿರಿಸಲಿ. ಅದು ತೀರಿದ ಮೇಲೆ ಅದೇ ಮೊತ್ತವನ್ನು ಅಂಚೆ ಕಚೇರಿಯ ಆರ್.ಡಿ.ಗೆ ತಿರುಗಿಸಲಿ. ತಿಂಗಳಿಗೆ 1,000 ರೂಪಾಯಿಯಾದರೂ ಐದು ವರ್ಷಕ್ಕೆ ಅಸಲೇ 60,000 ಆಗುತ್ತದೆ. ದಾನದ ಪಾಲು, ಅದು ಹತ್ತು ರೂಪಾಯಿಯೇ ಆಗಲಿ, ಅಂದೇ ಬೇರೆಯಾಗಿರಲಿ. ಸಾಗಾರಧರ್ಮಾಮೃತದಲ್ಲಿ ಆಶಾಧರರು ಗೃಹಸ್ಥನ ಗುಣಗಳನ್ನು ನ್ಯಾಯದಿಂದ ಗಳಿಸಿದ ಧನದಿಂದಲೇ ಆರಂಭಿಸುತ್ತಾರೆ. ಸಕಾಲದಲ್ಲಿ ಸಾಲ ತೀರಿಸುವುದೂ ಆ ನ್ಯಾಯದ ಅಂಗವೇ.

ಇದರ ಫಲವು ಹಣದಲ್ಲಿ ಮಾತ್ರ ಕಾಣುವುದಿಲ್ಲ. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಎಂದರೆ ಆದರವಿಲ್ಲದಿರುವುದು ಮತ್ತು ನೆನಪು ನಿಲ್ಲದಿರುವುದು, ಸೇರಿವೆ. ಒಡೆಯದ ನೋಟೀಸೊಂದು ಪೆಟ್ಟಿಗೆಯಲ್ಲಿರುವಾಗ ಹೊಟ್ಟೆಯು ಉಪವಾಸವಿದ್ದರೂ ಮನಸ್ಸು ಆರ್ತಧ್ಯಾನವನ್ನೇ ಉಣ್ಣುತ್ತಿರುತ್ತದೆ. ತ್ರಯೋದಶಿಯಂದು ಲೆಕ್ಕ ಬರೆದವನ ಸಾಲವು ಮರುದಿನಕ್ಕೆ ತೀರಿರುವುದಿಲ್ಲ. ಆದರೆ ಅದು ಎಷ್ಟೆಂದು ಅವನು ಬಲ್ಲನು, ಅವನ ಹೆಂಡತಿಯೂ ಬಲ್ಲಳು. ಅಷ್ಟರಿಂದಲೇ ಚತುರ್ದಶಿಯ ಸಾಮಾಯಿಕವು ಸಾಮಾಯಿಕವಾಗುತ್ತದೆ. ಭವ್ಯ ಜೀವರು ಬರುವ ಪಕ್ಷದಿಂದಲೇ, ಒಂದು ಚಾತುರ್ಮಾಸದ ಮಟ್ಟಿಗಾದರೂ, ಈ ನಿಯಮವನ್ನು ಸ್ವೀಕರಿಸುವುದು ಶ್ರೇಯಸ್ಕರ.